ವಿಶ್ವದ ಮಹಜರು

ದೊರೆಸ್ವಾಮಿ ಮಗಳಿಗೆ ಆ ಮಾತು ಕೊಟ್ಟದ್ದು ಆರು ವರ್ಷದ ಹಿಂದೆ, ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ. ಕುಮಾರಿ ಆಗ ಒಂದನೇ ಕ್ಲಾಸು. ನಾದಿನಿಯ ಮಗುವಿನ ನಾಮಕರಣ ಮುಗಿಸಿಕೊಂಡು ಅಪ್ಪ, ಅಮ್ಮ, ಮಗಳು ಮೂವರೂ ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದರು. ಬಸ್ಸು ಬರಲಿಲ್ಲ. ಬಸ್ಸು ಬರದಿದ್ದಾಗ ಮಕ್ಕಳಿಗೆ ಪ್ರಶ್ನೆಗಳು ಬರುತ್ತವೆ. ಈ ನಿಲ್ದಾಣ ಕಟ್ಟುವುದಕ್ಕೆ ಮುಂಚೆ ಇಲ್ಲಿ ಏನಿತ್ತು ಎಂದಳು. ಹೊಲ ಎಂದ. ಹೊಲಕ್ಕೆ ಮುಂಚೆ? ಕಾಡು. ಕಾಡಿಗೆ ಮುಂಚೆ? ಬಂಡೆ. ಬಂಡೆಗೆ ಮುಂಚೆ? ಅಷ್ಟು ಹೊತ್ತಿಗೆ ಅಕ್ಕಪಕ್ಕದ ಬೆಂಚಿನವರೆಲ್ಲ ತಮ್ಮ ಮಾತು ನಿಲ್ಲಿಸಿ ದೊರೆಸ್ವಾಮಿಯ ಬಾಯನ್ನೇ ನೋಡತೊಡಗಿದ್ದರು. ಊಟಿ ಕಡೆ ಹೋಗಬೇಕಾಗಿದ್ದ ಒಬ್ಬರು ತಮ್ಮ ಬಸ್ಸು ಹೊರಟರೂ ಏಳಲಿಲ್ಲ. ಎಲ್ಲಕ್ಕೂ ಮುಂಚೆ ಏನಿತ್ತು ಎಂದು ಮಗಳು ಕೊನೆಗೆ ಕೇಳಿಯೇ ಬಿಟ್ಟಾಗ, ದೊರೆಸ್ವಾಮಿ ಕಂದಾಯ ಇಲಾಖೆಯ ಗತ್ತಿನಲ್ಲಿ ಒಮ್ಮೆ ಕೆಮ್ಮಿದ.

"ಅದ್ನೆಲ್ಲ ಬಾಯ್ಮಾತಲ್ಲಿ ಯೋಳಕಾಯ್ತದಾ ಕಣಮ್ಮಿ? ನೀನು ಏಳ್ನೇ ಕ್ಲಾಸ್ಗೆ ಬಾ, ಬರವಣಿಗೇಲೇ ಕೊಟ್ಬುಡ್ತೀನಿ."

ಬೆಂಚಿನವರು ತಲೆದೂಗಿದರು. ಬಸ್ಸೂ ಬಂತು.

ಹೆತ್ತವರು ಇಂಥ ಮಾತುಗಳನ್ನು ಕೊಡುವುದು ಮಕ್ಕಳು ಮರೆತುಬಿಡುತ್ತಾರೆಂಬ ಧೈರ್ಯದ ಮೇಲೆ. ಬೆಳಗ್ಗೆ ಕಲಿತ ಮಗ್ಗಿಯನ್ನು ಸಂಜೆಗೆ ಮರೆಯುವ ಮಗು ಇದೊಂದನ್ನು ಮಾತ್ರ ಮರೆಯುವುದಿಲ್ಲ ಎಂಬುದು ಹೆತ್ತವರಿಗೆ ತಡವಾಗಿ ತಿಳಿಯುತ್ತದೆ. ದೊರೆಸ್ವಾಮಿಗೆ ತಿಳಿದದ್ದು ಈ ವರ್ಷ. ಏಳನೇ ಕ್ಲಾಸಿಗೆ ಬಂದ ಕುಮಾರಿ ಗುಂಡ್ಲುಪೇಟೆಯಲ್ಲಿ ನಡೆಯುವ ವಿಜ್ಞಾನ ಪ್ರದರ್ಶನಕ್ಕೆ ಹೆಸರು ಕೊಟ್ಟು, 'ವಿಶ್ವ ಹುಟ್ಟಿದ್ದು ಹೇಗೆ' ಎಂಬ ವಿಷಯವನ್ನೇ ಆರಿಸಿಕೊಂಡಿದ್ದಳು. ಇದರ ಬಗ್ಗೆ ಹತ್ತಾರು ಊಹೆಗಳಿವೆ, ಯಾವುದೂ ಕೊನೆಯ ಮಾತಲ್ಲ, ಸಿಕ್ಕಿದ್ದನ್ನೆಲ್ಲ ಬರೆದು ತನ್ನಿ ಎಂದು ಅವಳ ಟೀಚರ್ ಗಂಗಾಂಬಿಕೆ ಹೇಳಿದ್ದರು. ಕುಮಾರಿ ಎದ್ದು ನಿಂತು, ನಮ್ಮಪ್ಪ ರೆವಿನ್ಯೂದಲ್ಲಿದ್ದಾರೆ, ಬರವಣಿಗೆಯಲ್ಲೇ ಕೊಡುತ್ತೇನೆಂದು ಒಪ್ಪಿದ್ದಾರೆ, ನಾನು ಅದನ್ನೇ ತಂದು ತೂಗುಹಾಕುತ್ತೇನೆ ಎಂದಳಂತೆ. ಮೂವತ್ತೆಂಟು ಮಕ್ಕಳು ಕೇಳಿಸಿಕೊಂಡರು. ಮೂವತ್ತೆಂಟು ಮಕ್ಕಳು ಕೇಳಿಸಿಕೊಂಡದ್ದು ಸಂಜೆಗೆ ಊರೆಲ್ಲ ಕೇಳಿಸಿಕೊಂಡ ಹಾಗೆ. ದೊರೆಸ್ವಾಮಿ ಸಹಾಯಕ್ಕಾಗಿ ಹೆಂಡತಿ ನಾಗಮಣಿಯ ಮುಖ ನೋಡಿದ. ಮಾತು ಆಡುವಾಗ ನನ್ನನ್ನು ಕೇಳಿ ಆಡಿದ್ದಿರಾ ಎಂದು ಅವಳು ಮುದ್ದೆ ಕಟ್ಟುವುದನ್ನು ಮುಂದುವರಿಸಿದಳು.

ದೊರೆಸ್ವಾಮಿ ರೆವಿನ್ಯೂದಲ್ಲಿದ್ದದ್ದು ಸುಳ್ಳಲ್ಲ. ಚಾಮರಾಜನಗರ–ಗುಂಡ್ಲುಪೇಟೆ ರಸ್ತೆಯಿಂದ ಎರಡು ಮೈಲಿ ಒಳಗಿರುವ ಬಸವನಮಾಳ ಎಂಬ ಊರಿಗೆ ಅವನು ಹದಿನೆಂಟು ವರ್ಷದಿಂದ ಗ್ರಾಮ ಸಹಾಯಕ. ಅಳತೆಯ ಟೇಪಿನ ಒಂದು ತುದಿ ಹಿಡಿಯುವುದು, ನೋಟಿಸು ಅಂಟಿಸುವುದು, ಗ್ರಾಮ ಆಡಳಿತ ಅಧಿಕಾರಿ ಸುಧಾಮಣಿ ಮೇಡಂ ಅವರ ಕಾಗದದ ಚೀಲ ಹೊರುವುದು, ಮಹಜರಿಗೆ ಜನ ಸೇರಿಸುವುದು ಅವನ ಕೆಲಸ. ಅವನಿಲ್ಲದೆ ಆ ಊರಿನಲ್ಲಿ ಒಂದು ಬದುವೂ ನೆಟ್ಟಗಾಗುತ್ತಿರಲಿಲ್ಲ ಎಂಬುದು ಅವನ ಅಭಿಪ್ರಾಯ. ಅವನಿದ್ದೂ ಆಗಿಲ್ಲ ಎಂಬುದು ಊರಿನವರ ಅಭಿಪ್ರಾಯ.

ಒಂದು ಜಾಗ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಪತ್ತೆಮಾಡಲು ದೊರೆಸ್ವಾಮಿಗೆ ಗೊತ್ತಿದ್ದದ್ದು ಒಂದೇ ದಾರಿ. ಜಾಗಕ್ಕೆ ಹೋಗುವುದು, ಆ ಜಾಗ ಬಲ್ಲ ನಾಲ್ಕು ಜನರನ್ನು ನಿಲ್ಲಿಸಿಕೊಳ್ಳುವುದು, ಅವರು ಹೇಳಿದ್ದನ್ನು ಬರೆದು ಸಹಿ ಹಾಕಿಸುವುದು. ಅದೇ ಮಹಜರು. ಸಹಿ ಬಿದ್ದ ಮೇಲೆ ಅದು ಸತ್ಯ. ವಿಶ್ವವೂ ಒಂದು ಜಾಗ ತಾನೆ ಎಂದು ಅವನಿಗೆ ಹೊಳೆದದ್ದು ಹಲ್ಲುಜ್ಜುವಾಗ. ಮೇಡಂ ಕಟ್ಟಿನಿಂದ ಖಾಲಿ ಮಹಜರು ಫಾರಂ ಒಂದನ್ನು ಮೆಲ್ಲಗೆ ಎಳೆದುಕೊಂಡು, ಆ ಸಂಜೆಯೇ ಹಾಲಿನ ಡೈರಿಗೆ ಹೋದ. ಬಸವನಮಾಳದಲ್ಲಿ ಬಲ್ಲವರೆಲ್ಲ ಒಟ್ಟಿಗೆ ಸಿಕ್ಕುವುದು ಅಲ್ಲೇ, ಹಾಲು ಅಳೆಯುವ ಮೊದಲು, ಕ್ಯಾನುಗಳ ಸಾಲಿನ ಪಕ್ಕದಲ್ಲಿ.

ಮೊದಲ ಹೇಳಿಕೆ ಶಿವನ ಗುಡಿಯ ಪೂಜೆ ನೋಡಿಕೊಳ್ಳುವ ಗುರುಮಲ್ಲಯ್ಯನವರದು. ಮೊದಲು ಶೂನ್ಯ ಇತ್ತು, ಶೂನ್ಯಕ್ಕೆ ತಾನು ಒಂದಾಗಬೇಕೆಂಬ ನೆನಪು ಬಂತು, ಆ ನೆನಪೇ ಇಷ್ಟೆಲ್ಲ ಆಯಿತು ಎಂದು ಅವರು ಕಣ್ಣು ಮುಚ್ಚಿ ಹೇಳಿದರು. ದೊರೆಸ್ವಾಮಿ ಬರೆದುಕೊಂಡ: 'ಸದರಿ ಸ್ವತ್ತು ಮೊದಲು ಖಾಲಿ ಜಾಗವಾಗಿದ್ದು, ತದನಂತರ ಸ್ವಯಂ ಅಭಿವೃದ್ಧಿ ಹೊಂದಿರುತ್ತದೆ.'

ಎರಡನೆಯವನು ನಂಜಯ್ಯ. ಇಪ್ಪತ್ತೆರಡು ವರ್ಷ ಕರಿಕಲ್ಲಿನ ಕ್ವಾರಿಯಲ್ಲಿ ಬಂಡೆ ಸಿಡಿಸಿದವನು. ವಿಜ್ಞಾನಿಗಳ ಪ್ರಕಾರ ಎಲ್ಲವೂ ಮೊದಲು ಸಾಸಿವೆಗಿಂತ ಸಣ್ಣದಾಗಿದ್ದು ಒಮ್ಮೆಲೇ ಹಿಗ್ಗಿತು ಎಂದು ಮಗಳಿಂದ ಕೇಳಿದ್ದನ್ನು ದೊರೆಸ್ವಾಮಿ ತಿಳಿಸಿದಾಗ, ನಂಜಯ್ಯ ಅದು ಬ್ಲಾಸ್ಟಿಂಗೇ ಎಂದು ತೀರ್ಮಾನಿಸಿದ. ಆದರೆ ಕಸುಬಿನವನಾದ್ದರಿಂದ ಅವನಿಗೊಂದು ಅನುಮಾನ.

"ಸಿಡೀಬೇಕು ಅಂದ್ರೆ ಕುಳಿ ಒಡೀಬೇಕು. ಕುಳಿ ಒಡಿಯಕೆ ಬಂಡೆ ಬೇಕು. ಏನೂ ಇರ್ನಿಲ್ಲ ಅಂತೀಯಲ್ಲ, ಮದ್ದು ತುಂಬುದ್ದು ಯಾವ್ದಕ್ಲಾ? ಲೈಸೆನ್ಸು ಯಾರ ಎಸ್ರಲ್ಲಿತ್ತು?"

ದೊರೆಸ್ವಾಮಿ ಅದನ್ನೂ ಬರೆದುಕೊಂಡ: 'ಸ್ವತ್ತಿನಲ್ಲಿ ಹಿಂದೆ ಒಮ್ಮೆ ಭಾರಿ ಸ್ಫೋಟ ನಡೆದಿದ್ದು, ಪರವಾನಗಿ ಬಗ್ಗೆ ಮಾಹಿತಿ ಇರುವುದಿಲ್ಲ.'

ಹಾಲಿನ ಕ್ಯಾನು ಹಿಡಿದು ನಿಂತಿದ್ದ ದೊರೆಸ್ವಾಮಿಯ ತಾಯಿ ಚಿಕ್ಕನಿಂಗಮ್ಮನಿಗೆ ಇವರ ಮಾತು ಹಿಡಿಸಲಿಲ್ಲ. ಮೊದಲು ಬರೀ ನೀರು. ನೀರಿನ ಮೇಲೆ ಒಂದು ಮೊಟ್ಟೆ. ಒಡೆದಾಗ ಮೇಲಿನ ಚಿಪ್ಪು ಆಕಾಶ, ಕೆಳಗಿನ ಚಿಪ್ಪು ಭೂಮಿ. ಇದನ್ನು ಇವಳಿಗೆ ಇವಳ ಅಜ್ಜಿ ಹೇಳಿದ್ದು. ಮೊಟ್ಟೆ ಇಟ್ಟದ್ದು ಯಾವ ಕೋಳಿ ಎಂದು ಸಾಲಿನಿಂದ ಯಾರೋ ಕೇಳಿದರು. ಹಾಗೆ ಕೇಳಿದವರ ಮನೆಯಲ್ಲಿ ಕೋಳಿ ಉಳಿಯುವುದಿಲ್ಲ ಎಂದಳು ಮುದುಕಿ. 'ಮೊಟ್ಟೆಯ ಮೂಲದ ಬಗ್ಗೆ ದಾಖಲೆ ಲಭ್ಯವಿಲ್ಲ' ಎಂದು ದೊರೆಸ್ವಾಮಿ ಸೇರಿಸಿದ.

ಕೊನೆಯವರು ಆರು ಎಕರೆ ಬಾಳೆ ತೋಟದ ನೀಲಕಂಠಸ್ವಾಮಿ. ಮೊದಲು ಅನ್ನುವುದೇ ಸುಳ್ಳು ಎಂದರು ಅವರು. ಬಾಳೆಯಲ್ಲಿ ತಾಯಿಗಿಡ ಗೊನೆ ಕೊಟ್ಟು ಬೀಳುತ್ತದೆ, ಬುಡದಿಂದ ಕಂದು ಏಳುತ್ತದೆ. ಅದು ಬಿದ್ದರೆ ಅದರ ಕಂದು. ಈ ವಿಶ್ವವೂ ಹಿಂದಿನ ಯಾವುದೋ ವಿಶ್ವದ ಕಂದು. ಮೊದಲನೇ ಗಿಡ ಯಾವುದು ಎಂದು ಬಾಳೆ ಮಂಡಿಯಲ್ಲಿ ಯಾರೂ ಕೇಳುವುದಿಲ್ಲ.

ಉಳಿದದ್ದು ಪುಟ್ಟಮಾದಯ್ಯ. ಊರಿನ ಖಾಯಂ ಪಂಚ ಅವನು. ಮೂವತ್ತು ವರ್ಷದಲ್ಲಿ ಆ ಊರಿನ ಒಂದು ಮಹಜರೂ ಅವನ ಸಹಿಯಿಲ್ಲದೆ ಹೋಗಿಲ್ಲ. ಒಂದನ್ನೂ ಅವನು ಓದಿಲ್ಲ. ವಿಶ್ವ ಹುಟ್ಟಿದ್ದು ಹೇಗೆ ಪುಟ್ಟಮಾದಣ್ಣ ಎಂದು ಕೇಳಿದರೆ, ಎಲ್ಲಿ ಸಹಿ ಮಾಡಬೇಕು ಎಂದಷ್ಟೇ ಕೇಳಿದ.

ದೊರೆಸ್ವಾಮಿ ಫಾರಮಿನ ಕಾಲಂಗಳನ್ನು ಶ್ರದ್ಧೆಯಿಂದ ತುಂಬಿದ. ಗ್ರಾಮ: ಬಸವನಮಾಳ. ವಿಸ್ತೀರ್ಣ: ಅಳತೆಗೆ ಸಿಕ್ಕಿರುವುದಿಲ್ಲ. ಚೆಕ್ಕುಬಂದಿ, ಪೂರ್ವಕ್ಕೆ: ಏನೂ ಇಲ್ಲ, ಪಶ್ಚಿಮಕ್ಕೆ: ಏನೂ ಇಲ್ಲ, ಉತ್ತರಕ್ಕೆ, ದಕ್ಷಿಣಕ್ಕೆ: ಮೇಲಿನಂತೆ. ಸ್ವಾಧೀನ: ಯಾರದೂ ಇರುವುದಿಲ್ಲ. ಹಾಲಿ ಸ್ಥಿತಿ: ಚಾಲ್ತಿಯಲ್ಲಿದೆ. ಐವರ ಸಹಿ ಬಿತ್ತು. ಹದಿನೆಂಟು ವರ್ಷದಲ್ಲಿ ತಕರಾರಿಲ್ಲದೆ ಮುಗಿದ ಮೊದಲ ಮಹಜರು ಇದೇ ಎಂದು ಅವನು ಹೆಮ್ಮೆಯಿಂದ ಮನೆಗೆ ಬಂದು, ಮನೆಯ ಮೇಕೆಗೆ ಕಾಗದದ ಮೇಲೆ ಆಸೆಯಿದ್ದದ್ದರಿಂದ, ಅದನ್ನು ಅತಿ ಭದ್ರವಾದ ಜಾಗದಲ್ಲಿ ಇಟ್ಟ. ಆ ಜಾಗ ಎಂದರೆ ಮೇಡಂ ಅವರ ಕಾಗದದ ಚೀಲ.

ಬೆಳಗ್ಗೆ ಎಂಟಕ್ಕೆ ಮೇಡಂ ಫೋನು ಮಾಡಿ, ಚೀಲ ತಕ್ಷಣ ತಾ ಎಂದರು. ತಂದುಕೊಟ್ಟ. ಅವರು ನಲವತ್ತು ಕಾಗದಗಳಿಗೆ ನಡೆದುಕೊಂಡೇ ಸಹಿ ಹಾಕಿ ಹೋಬಳಿಯ ನಾಡಕಚೇರಿಗೆ ಒಪ್ಪಿಸಿಬಿಟ್ಟರು. ಅಲ್ಲಿ ಕಾಲಂ ನೋಡುವುದು ವಾಡಿಕೆ, ಒಕ್ಕಣೆ ಓದುವುದು ವಾಡಿಕೆಯಲ್ಲ. ಅಳತೆಯಾಗದ, ಯಾರ ಸ್ವಾಧೀನದಲ್ಲೂ ಇಲ್ಲದ, ಸುತ್ತ ಯಾರ ಎಲ್ಲೆಯೂ ಇಲ್ಲದ ಸ್ವತ್ತು ಎಂದರೆ ಮುಂದಿನ ಕ್ರಮ ಒಂದೇ. ಹಕ್ಕು ಇರುವವರು ಏಳು ದಿನದೊಳಗೆ ಹಾಜರಾಗತಕ್ಕದ್ದು ಎಂದು ಪ್ರಕಟಣೆ ತಯಾರಾಯಿತು. ಅದನ್ನು ಬಸವನಮಾಳದ ಹಾಲಿನ ಡೈರಿಯ ಗೋಡೆಗೆ ಅಂಟಿಸುವ ಕರ್ತವ್ಯ ಗ್ರಾಮ ಸಹಾಯಕರದ್ದಾದ್ದರಿಂದ, ದೊರೆಸ್ವಾಮಿಯೇ ಮೈದಾ ಹಿಟ್ಟಿನ ಗೋಂದು ಕಾಯಿಸಿಕೊಂಡು ಹೋಗಿ ಅಂಟಿಸಿದ. ಅಂಟಿಸಿದ ಮೇಲೆ ಓದಿದ. ಓದಿದ ಮೇಲೆ ಅಲ್ಲೇ ಒಂದು ಕ್ಯಾನಿನ ಮೇಲೆ ಕೂತ.

ಅವನೆದುರು ಈಗ ಎರಡು ದಾರಿ. ನಿಜ ಹೇಳಿದರೆ, ಸರ್ಕಾರಿ ಫಾರಮನ್ನು ಮನೆಯ ಕೆಲಸಕ್ಕೆ ಬಳಸಿದವನು ಎಂದು ಕೆಲಸ ಹೋಗುತ್ತದೆ. ಗ್ರಾಮ ಸಹಾಯಕನನ್ನು ತೆಗೆಯಲು ಸರ್ಕಾರಕ್ಕೆ ಒಂದು ಸಾಲು ಸಾಕು. ಹೇಳದಿದ್ದರೆ, ಮುಂದಿನ ಶನಿವಾರ ಪ್ರದರ್ಶನದ ದಿನ ಕುಮಾರಿ ಮೂವತ್ತೆಂಟು ಮಕ್ಕಳ ಮುಂದೆ ಬರಿಗೈಯಲ್ಲಿ ನಿಲ್ಲುತ್ತಾಳೆ. ಮೂರನೆಯ ದಾರಿಯೊಂದಿದೆ, ಇನ್ನೊಂದು ಮಹಜರು ಬರೆದುಕೊಂಡರಾಯಿತು ಎಂದು ಅವನು ಎದ್ದ.

ಅದು ಆಗುವಂತಿರಲಿಲ್ಲ. ಅಷ್ಟರಲ್ಲಿ ಊರು ಪ್ರಕಟಣೆ ಓದಿಕೊಂಡಿತ್ತು. ಅಳತೆಗೆ ಸಿಗದಷ್ಟು ಜಮೀನು, ಯಾರ ಹೆಸರಲ್ಲೂ ಇಲ್ಲದ್ದು, ನಮ್ಮೂರ ವ್ಯಾಪ್ತಿಯಲ್ಲೇ ಇದೆ ಎಂದ ಮೇಲೆ, ಅದು ಯಾರದೂ ಅಲ್ಲ ಎಂದು ಸಹಿ ಹಾಕುವ ಮೂಢ ಆ ಊರಿನಲ್ಲಿ ಉಳಿದಿರಲಿಲ್ಲ. ಗುರುಮಲ್ಲಯ್ಯನವರು ಅದು ಗುಡಿಯ ಮಾನ್ಯದ ಜಮೀನು, ಹಾಗೆಂದೇ ನಾನು ಶೂನ್ಯ ಎಂದದ್ದು ಎಂದರು. ನೀಲಕಂಠಸ್ವಾಮಿ, ನಮ್ಮ ತಾತ ಅಲ್ಲಿ ಹುರುಳಿ ಚೆಲ್ಲುತ್ತಿದ್ದರು ಎಂದರು. ಎಲ್ಲಿ ಎಂದು ಕೇಳಿದರೆ ಕೈಯನ್ನು ಸುಮಾರಾಗಿ ದಕ್ಷಿಣಕ್ಕೆ ಬೀಸಿದರು. ಸ್ಫೋಟದ ಮಾತು ಬರವಣಿಗೆಗೆ ಇಳಿದಿದೆ ಎಂದು ತಿಳಿದ ನಂಜಯ್ಯ, ನಾನು ಆವತ್ತು ಊರಲ್ಲೇ ಇರಲಿಲ್ಲ ಎಂದು ಕಂಡಕಂಡವರಿಗೆ ಹೇಳುತ್ತ ಪುಣಜನೂರಿನ ತಂಗಿಯ ಮನೆಗೆ ಬಸ್ಸು ಹತ್ತಿದ. ಆವತ್ತು ಅಂದರೆ ಯಾವತ್ತು ಎಂದು ಯಾರೂ ಕೇಳಲಿಲ್ಲ. ಕೊನೆಗೆ ಪುಟ್ಟಮಾದಯ್ಯನ ಹತ್ತಿರ ಹೋದರೆ, ಅವನು ಮೂವತ್ತು ವರ್ಷದಲ್ಲಿ ಮೊದಲ ಸಲ ಕನ್ನಡಕ ಹುಡುಕಿದ.

"ಕೊಡ್ಲಾ ಇಲ್ಲಿ, ಓದ್ಬುಟ್ಟು ಆಕ್ತೀನಿ."

ದೊರೆಸ್ವಾಮಿಗೆ ಲೋಕ ಕೆಟ್ಟಿತು ಅನ್ನಿಸಿದ್ದು ಆಗಲೇ.

ಸುದ್ದಿ ಉಮ್ಮತ್ತೂರಿಗೆ ಹೋಯಿತು, ಕುದೇರಿಗೆ ಹೋಯಿತು. ಚಾಮರಾಜನಗರದಲ್ಲಿ ಅರ್ಜಿ ಟೈಪು ಮಾಡುವ ಒಬ್ಬರು, ಒಂದೇ ಒಕ್ಕಣೆಯನ್ನು ಹೆಸರು ಮಾತ್ರ ಬದಲಾಯಿಸಿ ಎಪ್ಪತ್ತು ಜನರಿಗೆ ಹೊಡೆದುಕೊಟ್ಟರಂತೆ: 'ಸದರಿ ಸ್ವತ್ತನ್ನು ನಾನು ಮತ್ತು ನನ್ನ ಪೂರ್ವಿಕರು ಅನಾದಿ ಕಾಲದಿಂದ ಉಳುಮೆ ಮಾಡಿಕೊಂಡು ಬಂದಿರುತ್ತೇವೆ.' ಉಮ್ಮತ್ತೂರಿನವನೊಬ್ಬ, ಅನಾದಿಗಿಂತ ಮುಂಚಿನಿಂದ ಎಂದು ಸೇರಿಸಿಸಿ ಉಳಿದವರ ಹೊಟ್ಟೆ ಉರಿಸಿದ. ಇತ್ತ ಮನೆಯಲ್ಲಿ ಕುಮಾರಿ ದಿನಾ ಸಂಜೆ ಸ್ಕೂಲಿನಿಂದ ಬಂದು, ಕೇಳದೆ, ಬರೀ ಅಪ್ಪನ ಅಂಗಿಯ ಜೇಬಿನ ಕಡೆ ನೋಡುತ್ತಿದ್ದಳು. ಕೇಳಿದ್ದರೆ ಬೈದು ಸುಮ್ಮನಾಗಿಸಬಹುದಿತ್ತು. ನೋಡುವ ಮಗುವಿಗೆ ಏನು ಮಾಡುವುದು?

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸ್ಥಳ ಪರಿಶೀಲನೆಗೆ ಉಪ ತಹಶೀಲ್ದಾರರು ಬಂದರು. ದಿಲೀಪ್ ಎಂದು ಹೆಸರು, ಹೊಸಬರು, ಬೇರೆ ಜಿಲ್ಲೆಯವರು, ಕಾಗದವನ್ನು ಕಾಗದವೆಂದು ನಂಬುವ ವಯಸ್ಸು. ಡೈರಿಯ ಮುಂದೆ ಇನ್ನೂರು ಜನ ಪ್ಲಾಸ್ಟಿಕ್ ಕವರುಗಳಲ್ಲಿ ದಾಖಲೆ ಹಿಡಿದು ನಿಂತಿದ್ದರು. ಜೀಪಿಳಿದ ಅವರು ಜಾಗ ಎಲ್ಲಿದೆ ಎಂದು ಕೇಳಿದ ತಕ್ಷಣ ಇನ್ನೂರು ಕೈಗಳು ಎದ್ದು ಇನ್ನೂರು ದಿಕ್ಕು ತೋರಿಸಿದವು. ಅವರು ಸುಧಾಮಣಿ ಮೇಡಂ ಕಡೆ ನೋಡಿದರು. ಮೇಡಂ ದೊರೆಸ್ವಾಮಿಯ ಕಡೆ ನೋಡಿದರು. ದೊರೆಸ್ವಾಮಿಯ ಹಿಂದೆ ಯಾರೂ ಇರಲಿಲ್ಲವಾದ್ದರಿಂದ ಅವನು ನೆಲ ನೋಡಿದ.

ಆಗ ಸ್ಕೂಲು ಬಿಟ್ಟಿತು. ಕುಮಾರಿ ಬ್ಯಾಗು ಹೊತ್ತು ಜನರ ನಡುವೆ ನುಸುಳಿಕೊಂಡು ಬಂದು ಅಪ್ಪನ ಪಕ್ಕ ನಿಂತಳು. ನಾಳೆ ಶನಿವಾರ ಎಂದು ಅವಳು ಹೇಳಲಿಲ್ಲ. ಅಂಗಿಯ ಜೇಬು ನೋಡಿದಳು, ಅಷ್ಟೇ. ಕೆಲಸ ಹೋದರೆ ಹೂವಿನ ಹೊಲದಲ್ಲಿ ಕೂಲಿ ಸಿಗುತ್ತದೆ, ಇನ್ನೊಂದು ಕುಮಾರಿ ಸಿಗುವುದಿಲ್ಲ ಎಂಬ ಲೆಕ್ಕ ದೊರೆಸ್ವಾಮಿಗೆ ಅಲ್ಲೇ ಆಗಿಹೋಯಿತು. ಕೈ ಮುಗಿದ.

"ಸಾರ್, ಆ ಸ್ವತ್ತು ಇಂಥಾ ಕಡೆ ಐತೆ ಅಂತ ತೋರ್ಸಕಾಗಕಿಲ್ಲ. ಇಲ್ದೇ ಇರೋ ಕಡೇನೂ ಇಲ್ಲ. ಈಗ ತಾವು ನಿಂತಿರದೂ ಅದ್ರಲ್ಲೇ."

ದಿಲೀಪ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.

"ಅದೂ ಅದ್ರಲ್ಲೇ ಸಾರ್," ಎಂದ ದೊರೆಸ್ವಾಮಿ ಇನ್ನಷ್ಟು ನಮ್ರನಾಗಿ.

ಆಮೇಲೆ ಬಸ್ ನಿಲ್ದಾಣದಿಂದ ಹಿಡಿದು ಮೇಕೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಫಾರಂ ಕದ್ದದ್ದು ನಾನೇ, ಮೇಡಂಗೆ ಗೊತ್ತಿಲ್ಲ, ಏನು ಮಾಡುತ್ತೀರೋ ಮಾಡಿ ಎಂದು ಮುಗಿಸಿದ. ದಿಲೀಪ್ ಫೈಲು ಬಿಚ್ಚಿ ಮಹಜರಿನ ಒಕ್ಕಣೆಯನ್ನು ಮೊದಲ ಸಾಲಿನಿಂದ ಓದತೊಡಗಿದರು. ಸರ್ಕಾರದ ಕಡೆಯಿಂದ ಅದನ್ನು ಓದಿದ ಮೊದಲಿಗರು ಅವರೇ. ಖಾಲಿ ಜಾಗದ ಅಭಿವೃದ್ಧಿಯಾಯಿತು, ಸ್ಫೋಟವಾಯಿತು, ಮೊಟ್ಟೆಯಾಯಿತು, ಬಾಳೆಯ ಕಂದಿನ ಹತ್ತಿರ ಬಂದಾಗ ಅವರ ಮೀಸೆ ಒಂದು ಕಡೆ ಮಾತ್ರ ಅಲುಗಿತು. ಇನ್ನೂರು ಜನ ಉಸಿರು ಹಿಡಿದಿದ್ದರು. ಸುಧಾಮಣಿ ಮೇಡಂ ಉಸಿರು ಬಿಟ್ಟು ಎಷ್ಟೋ ಹೊತ್ತಾಗಿತ್ತು.

"ಈ ವಿಷಯದಲ್ಲಿ ಅರ್ಜಿದಾರರು ಯಾರು?" ಎಂದರು ದಿಲೀಪ್.

"ನಾನು ಸಾರ್," ಎಂದಳು ಕುಮಾರಿ.

"ಅರ್ಜಿ ಯಾವಾಗ ಕೊಟ್ಟದ್ದು?"

"ಒಂದ್ನೇ ಕ್ಲಾಸಲ್ಲಿ ಸಾರ್. ಬಾಯಲ್ಲಿ."

ದಿಲೀಪ್ ಬೆರಳು ಮಡಿಚಿ ಎಣಿಸಿ, ದೊರೆಸ್ವಾಮಿಯ ಕಡೆ ತಿರುಗಿದರು. ಅವರ ಮುಖ ಕೆಂಪಾಗಿತ್ತು.

"ಆರು ವರ್ಷ ಅರ್ಜಿ ಬಾಕಿ ಇಟ್ಕೊಂಡು ಕೂತಿದ್ದೀಯಲ್ಲಯ್ಯ, ನಾಚಿಕೆ ಆಗಲ್ವಾ ನಿನಗೆ?"

ದೊರೆಸ್ವಾಮಿ ತಬ್ಬಿಬ್ಬಾದ. ಫಾರಂ ಸಾರ್ ಎಂದು ತೊದಲಿದ. ಯಾವ ಜಾಗದಲ್ಲಿ ಮೊದಲು ಏನಿತ್ತು ಎಂದು ಬರೆಯುವುದಕ್ಕೇ ಅಲ್ಲವೇ ಫಾರಂ ಇರುವುದು, ಅದಕ್ಕೆ ಬಳಸಿದ್ದೀಯ, ಅದರಲ್ಲಿ ತಪ್ಪಿಲ್ಲ; ತಪ್ಪಿರುವುದು ತಡದಲ್ಲಿ ಎಂದು ಅವರು ಮತ್ತೆರಡು ನಿಮಿಷ ಬೈದರು. ಕೆಲಸಕ್ಕೆ ಸೇರಿದಂದಿನಿಂದ ದೊರೆಸ್ವಾಮಿ ಎಷ್ಟೋ ಬೈಗುಳ ತಿಂದಿದ್ದ. ಇಷ್ಟು ರುಚಿಯಾದದ್ದನ್ನು ತಿಂದಿರಲಿಲ್ಲ. ಅವನು ಅಂದಿನಂತೆಯೇ ಒಂದು ಕ್ಯಾನಿನ ಮೇಲೆ ಕೂತ. ಆ ಕ್ಯಾನು ಖಾಲಿಯಿದ್ದದ್ದರಿಂದ ಉರುಳಿತು. ಬಿದ್ದಲ್ಲಿಂದಲೇ ಕೈ ಮುಗಿದ.

ಹಕ್ಕುದಾರರ ವಿಚಾರಣೆ ಅಷ್ಟು ಹೊತ್ತು ಹಿಡಿಯಲಿಲ್ಲ. ಈ ಸ್ವತ್ತಿನೊಳಗೆ ಸೂರ್ಯನೂ ಬರುತ್ತಾನೆ, ಚಂದ್ರನೂ ಬರುತ್ತಾನೆ. ನಾಲ್ಕೂ ಮೂಲೆಯ ಬಾಂದು ಕಲ್ಲು ತೋರಿಸುವವರು ಮುಂದೆ ಬನ್ನಿ ಎಂದು ದಿಲೀಪ್ ಕರೆದರು. ಯಾರೂ ಬರಲಿಲ್ಲ. ನೀಲಕಂಠಸ್ವಾಮಿ ಮಾತ್ರ ಗಂಟಲು ಸರಿಮಾಡಿಕೊಂಡು, ಊರಿನ ಮರ್ಯಾದೆ ಉಳಿಸುವ ಮಾತಾಡಿದರು.

"ನಮ್ಗೆ ಬ್ಯಾಡ ಬುಡಿ ಸಾರ್. ಬೋರ್‌ವೆಲ್ ಕೊರ್ಸಕಾಗದ ಜಮೀನ ತಕ್ಕೊಂಡು ಏನ್ ಮಾಡನ?"

ಅಷ್ಟರಲ್ಲಿ ಹಾಲಿನ ಹೊತ್ತಾಯಿತು. ವಿಶ್ವ ಯಾರದಾದರೂ ಆಗಲಿ, ಹಸು ಕಾಯುವುದಿಲ್ಲ. ಜನ ಚದುರಿದರು. ಅನಾದಿಗಿಂತ ಮುಂಚಿನವನು ಮಾತ್ರ ಉಮ್ಮತ್ತೂರಿನ ಬಸ್ಸು ತಪ್ಪಿಸಿಕೊಂಡು ಡೈರಿಯ ಕಟ್ಟೆಯ ಮೇಲೆ ಕೂತಿದ್ದ. ಚಿಕ್ಕನಿಂಗಮ್ಮ ಅವನಿಗೆ ಒಂದು ಲೋಟ ಕಾಫಿ ಕೊಟ್ಟು, ನೀನು ಅಲ್ಲಿ ಉಳುವಾಗ ಆ ಮೊಟ್ಟೆ ಕಂಡಿದ್ದೆಯಾ ಎಂದು ವಿಚಾರಿಸಿದಳು.

ಒಂದು ತೊಡಕು ಉಳಿದಿತ್ತು. ಆವಕ ಸಂಖ್ಯೆ ಬಿದ್ದ ಅಸಲು ಕಾಗದ ಕಚೇರಿಯಿಂದ ಹೊರಗೆ ಹೋಗುವಂತಿಲ್ಲ. ದೊರೆಸ್ವಾಮಿ ಶನಿವಾರ ಬೆಳಗ್ಗೆ ನಾಡಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತ. ಮಹಜರಿನ ನಕಲು, ಅದರ ಮೇಲೆ 'ಅಸಲಿನ ಯಥಾ ಪ್ರತಿ' ಎಂಬ ಮುದ್ರೆ, ಜೊತೆಗೆ ಅರ್ಜಿದಾರಳಿಗೆ ಒಂದು ಹಿಂಬರಹ, ಇಷ್ಟನ್ನೂ ದಿಲೀಪ್ ಸಹಿ ಮಾಡಿ ಕೊಟ್ಟರು. ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಇದಕ್ಕೂ ಒಂದು ಮಹಜರು ಬರೆಯಬೇಕಿತ್ತು ಎಂದು ದೊರೆಸ್ವಾಮಿ ನಿಂತುಕೊಂಡೇ ಅಂದುಕೊಂಡ.

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಗಂಗಾಂಬಿಕೆ ಟೀಚರ್, ಜ್ವಾಲಾಮುಖಿಯ ಮಾದರಿ ಹೊತ್ತ ನಾಲ್ಕು ಮಕ್ಕಳು ಮತ್ತು ಬರಿಗೈಯ ಕುಮಾರಿ ಕಾಯುತ್ತಿದ್ದರು. ಅವನು ಕವರನ್ನು ಮಗಳ ಕೈಗಿಟ್ಟ. ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಹಿಂಬರಹವನ್ನು ಓದಿದಳು.

'ವಿಷಯ: ಎಲ್ಲಕ್ಕೂ ಮುಂಚೆ ಏನಿತ್ತು ಎಂಬ ಬಗ್ಗೆ. ಸ್ಥಳೀಯವಾಗಿ ವಿಚಾರಿಸಲಾಗಿ ನಾಲ್ಕು ಹೇಳಿಕೆಗಳು ಬಂದಿರುತ್ತವೆ. ನಾಲ್ಕೂ ಒಂದಕ್ಕೊಂದು ಹೊಂದುವುದಿಲ್ಲ. ಯಾವುದನ್ನೂ ತಳ್ಳಿಹಾಕಲು ಈ ಕಚೇರಿಯಲ್ಲಿ ಆಧಾರ ಇರುವುದಿಲ್ಲ. ಸದರಿ ವಿಶ್ವವು ಈ ಕಚೇರಿಯ ಸ್ಥಾಪನೆಗಿಂತ ಮುಂಚಿನದಾದ್ದರಿಂದ ಮೂಲ ದಾಖಲೆಗಳು ಲಭ್ಯವಿಲ್ಲ. ಅರ್ಜಿದಾರರು ಮುಂದೆ ಓದಿ, ಹೊಸ ದಾಖಲೆ ಸಿಕ್ಕಲ್ಲಿ ಹಾಜರುಪಡಿಸತಕ್ಕದ್ದು.'

ಅವಳು ಇನ್ನೊಂದು ಸಲ ಓದಿದಳು.

"ಅಂದ್ರೆ, ಗೊತ್ತಿಲ್ಲ ಅಂತಾನಾ ಅಪ್ಪ?"

"ಗೊತ್ತಿಲ್ಲ ಅಂತ್ಲೇ ಕಣವ್ವ," ಎಂದ ದೊರೆಸ್ವಾಮಿ. "ಆದ್ರೆ ಸೀಲ್ ಐತೆ ನೋಡು."

ಕುಮಾರಿ ಸೀಲು ನೋಡಿದಳು, ಸಹಿ ನೋಡಿದಳು, ಕಾಗದವನ್ನು ಮಡಿಕೆ ಬೀಳದಂತೆ ಎರಡು ಕೈಯಲ್ಲಿ ಹಿಡಿದುಕೊಂಡು ಟೀಚರ್ ಜೊತೆ ಹೊರಟಳು. ಏಳನೇ ಕ್ಲಾಸಿಗೆ ಬಂದಾಗ ಬರವಣಿಗೆಯಲ್ಲಿ ಕೊಡುತ್ತೇನೆ ಎಂದಿದ್ದ ದೊರೆಸ್ವಾಮಿ, ಬರವಣಿಗೆಯಲ್ಲಿ ಕೊಟ್ಟ.